ತುತ್ತೂರಿಯ ತಗ್ಗು

ಮದುವೆ ಸೀಸನ್ನಿಗೆ ಇನ್ನೂ ಎರಡು ವಾರ ಇತ್ತು.
ಮಂಡಿಪೇಟೆಯ ನಮ್ಮ ಬ್ಯಾಂಡ್ ಅಂಗಡಿಯ ಮೆಟ್ಟಿಲೇರಿ
ಸುಬೇದಾರ್ ಕರಿಬಸಯ್ಯ ಕೇಳಿದರು:
"ಸತ್ತ ಸಿಪಾಯಿಗಳಿಗೆ ಊದಬೇಕು. ಬರ್ತೀಯಾ?"
ನಾನು ರೂಢಿಯಂತೆ,
ಎಷ್ಟು ಜನ, ಎಷ್ಟು ತಾಸು, ಕುದುರೆ ಐತಾ, ಲೈಟು ಐತಾ ಅಂದೆ.
ಅವರು ನಗಲಿಲ್ಲ.
"ಹದಿನೇಳು ಜನ. ಒಂದೇ ನಿಮಿಷ. ಲೈಟು ಸೂರ್ಯಂದು."

ಮೊಬೈಲಿನಲ್ಲಿ ಕೇಳಿಸಿದರು. ಹಾಡೇ ಅಲ್ಲ ಅದು.
ತಾಳವಿಲ್ಲ, ಕುಣಿಯುವವರಿಗೆ ಜಾಗವಿಲ್ಲ,
ಮೇಲೆ ಹತ್ತಿ ಅಲ್ಲೇ ನಿಂತುಬಿಡುತ್ತದೆ
ಕೆಳಗಿಂದ ಯಾರೋ ಏಣಿ ಒಯ್ದ ಹಾಗೆ.
ಎಂಟು ರಾತ್ರಿ ಮಾಳಿಗೆ ಮೇಲೆ ಊದಿದೆ.
ಹಿಂದಿನ ಭಟ್ಟಿಯಲ್ಲಿ ಮಂಡಕ್ಕಿ ಹುರಿಯುತ್ತಿದ್ದ ಮೌಲಾಲಿ
ಹೊಗೆಯೊಳಗಿಂದ ಕೂಗಿದ:
"ಯಾರ ಮದುವೀನೋ ಇದು, ಇಷ್ಟು ಸಾವಕಾಶ?"

ತುತ್ತೂರಿ ಅಪ್ಪನದು. ಬಾಯಂಚಿನಲ್ಲಿ ಒಂದು ತಗ್ಗು.
ಹರಿಹರದ ದಿಬ್ಬಣದಲ್ಲಿ ಟ್ರ್ಯಾಕ್ಟರಿನಿಂದ ಬಿದ್ದದ್ದು ಅನ್ನುತ್ತಿದ್ದ;
ಯಾರ ದಿಬ್ಬಣ, ನಾನು ಕೇಳಿರಲಿಲ್ಲ.
ಮೇಲಿನ ಸ್ವರ ಅದರಿಂದ ಕೊಂಚ ಗೊಗ್ಗರು,
ಅಳು ನುಂಗಿ ಮಾತಾಡಿದ ಹಾಗೆ.
ಮದುವೆ ಗದ್ದಲದಲ್ಲಿ ಯಾರಿಗೂ ತಿಳಿಯುವುದಿಲ್ಲ.

ಬೆಳಿಗ್ಗೆ ಏಳಕ್ಕೆ ರುದ್ರಭೂಮಿ.
ಪಾಲಿಕೆ ಟ್ಯಾಂಕರು ಧೂಳಿಗೆ ನೀರು ಹೊಡೆದು ಹೋಗಿತ್ತು.
ಎನ್‌ಸಿಸಿ ಹುಡುಗರ ಬೂಟು ಅವರ ಅಣ್ಣಂದಿರ ಅಳತೆಯವು.
ಮೈಕು ಕೆಟ್ಟು ಕಾರ್ಪೊರೇಟರ ಭಾಷಣ
ಮೊದಲ ಸಾಲಿಗಷ್ಟೇ ಸಿಕ್ಕಿತು.
ಜಾಲಿ ಕಡಿದು, ಸಮಾಧಿಗಳಿಗೆ ಸುಣ್ಣ ಹೊಡೆದು,
ಒಂದೊಂದಕ್ಕೂ ಚೆಂಡುಹೂವು, ಅಂಗೈಯಗಲ ಬಾವುಟ.
ನಾಲ್ಕು ಬಾವುಟ ಆಗಲೇ ಖಬರಸ್ತಾನಕ್ಕೆ ಹೊರಟಿದ್ದವು,
ಹವಾಲ್ದಾರ್ ಖಲಂದರರ ಮೊಮ್ಮಗನ ಸೈಕಲ್ಲಿನ ಬುಟ್ಟಿಯಲ್ಲಿ.

"ಸಾವಧಾನ್!"
ನಮ್ಮ ಹಿಮ್ಮಡಿಗಳು ಕೂಡಿದವು.
ಮಣ್ಣೊಳಗಿನವರು ಏಳಲಿಲ್ಲ.
ಇಲ್ಲಿ ಎಷ್ಟೋ ಜನರನ್ನು ಕೂರಿಸಿಯೇ ಮಣ್ಣು ಮಾಡುತ್ತಾರೆ,
ಚಕ್ಕಳಮಕ್ಕಳ, ಅಂಗೈಯಲ್ಲಿ ಲಿಂಗ.
ಇಪ್ಪತ್ತು ವರ್ಷ ನಿಂತೇ ಕಾವಲು ಕಾದವರು.
ಕೂತಿರಲಿ ಬಿಡಿ.

ಆಮೇಲೆ ಹಾಜರಿ. ಸುಬೇದಾರರು ರಟ್ಟು ಹರಿದ ರಿಜಿಸ್ಟರು ತೆರೆದರು.
"ನಾಯಕ್ ಗುರುಶಾಂತಪ್ಪ."
"ಹಾಜರ್" ಅಂದಳು ಮಗಳು.
"ಸಿಪಾಯಿ ಓಬಳೇಶಿ."
"ಹಾಜರ್", ಕೋಲೂರಿದ ತಮ್ಮ.
"ಲ್ಯಾನ್ಸ್ ನಾಯಕ್ ಕೊಟ್ರಪ್ಪ."
ಯಾರೂ ಇಲ್ಲ.
"ಕೊಟ್ರಪ್ಪ, ಕೊಂಡಜ್ಜಿ."
ಬಾವುಟಗಳ ಪಟಪಟ.
ಮೂರನೇ ಸಲಕ್ಕೆ ಸುಬೇದಾರರ ಗಂಟಲು ಏಳಲಿಲ್ಲ.
ಹಿಂದಿನಿಂದ, ಗುದ್ದಲಿ ಕೆಳಗಿಡದೇ ನಿಂತಿದ್ದ
ಗುಂಡಿ ತೋಡುವ ದುರುಗಪ್ಪ ಹೇಳಿದ:
"ಅದಾನ್ರೀ ಸಾಹೇಬ್ರೆ, ಇಲ್ಲೇ ಬೇವಿನ ಬುಡಕ್ಕೆ.
ಗಿರಣಿ ವಾಚ್‌ಮನ್ ಆಗಿದ್ದ. ಮಂದಿ ಇದ್ದಿಲ್ಲ.
ನಾನೇ ಕೂರ್ಸೀನಿ."
ಸುಬೇದಾರರು ಪೆನ್ನು ತೆಗೆದು ಗುರುತು ಹಾಕಿದರು.

ನನ್ನ ಸರದಿ.
ಉಗುಳು ನುಂಗಿ ತುಟಿಗಿಟ್ಟೆ. ಹತ್ತಿತು, ಹತ್ತಿತು,
ಮೇಲಿನ ಸ್ವರ ತಗ್ಗಿಗೆ ತಾಗಿ ಒಡೆಯಿತು.
ಒಬ್ಬ ಹುಡುಗ ಕತ್ತು ಅಲುಗಿಸದೆ ಕಣ್ಣಷ್ಟೇ ತಿರುಗಿಸಿದ.
ಇನ್ನೊಮ್ಮೆ ಊದಿ ತಿದ್ದಬಹುದಿತ್ತು.
ತಿದ್ದಲಿಲ್ಲ.

ಚಹಾ, ಮಂಡಕ್ಕಿ, ಮೆಣಸಿನಕಾಯಿ ಹಂಚುವಾಗ
ಗುರುಶಾಂತಪ್ಪನವರ ಹೆಂಡತಿ ಹತ್ತಿರ ಬಂದು
ತಗ್ಗಿನ ಮೇಲೆ ಬೆರಳಿಟ್ಟರು.
"ಇದು ನಮ್ಮ ಮದುವೀಲಿ ಬಿದ್ದದ್ದು, ಹರಿಹರದಾಗ.
ಅವರಿಗೆ ರಜಾ ಹನ್ನೊಂದೇ ದಿನ.
ಡ್ರೈವರಿಗೆ, ಜೋರಾಗಿ ಹೊಡಿ, ಜೋರಾಗಿ ಹೊಡಿ ಅಂತಿದ್ರು.
ನಿಮ್ಮಪ್ಪ ಎಷ್ಟು ಬೈದಿದ್ದ!"
ಬೆರಳು ಅಲ್ಲೇ ಇತ್ತು. ಚಹಾ ಆರಿತು.

ಬಾಡಿಗೆ ಬೇಡ ಅನ್ನಲಿಲ್ಲ ನಾನು.
ಮನೆಯಲ್ಲಿ ಗ್ಯಾಸು ಮುಗಿದಿತ್ತು.

ಸೀಸನ್ನಿನ ಮೊದಲ ಮೆರವಣಿಗೆ ಬೇತೂರು ರಸ್ತೆಯಲ್ಲಿ.
ಹೊರಡುವ ಮುಂಚೆ ತುತ್ತೂರಿ ಸರಿ ಇದೆಯೋ ನೋಡಲು
ಒಂದು ಸ್ವರ ಊದಿದೆ.
ಬಂದದ್ದು ಅದೇ.
ಕುದುರೆ ಕಿವಿ ನಿಮಿರಿಸಿತು.
ಗಂಡಿನ ಕಡೆಯ ಹುಡುಗ ನೋಟು ಬೀಸುತ್ತ ಕೂಗಿದ:
"ಏ ಬ್ಯಾಂಡಿನವ್ನೇ, ಜೋರಾಗಿ ಹೊಡಿ!"